ಸಿಂಕಿಗೆ ಸುರಿದ ಜಿನ್

ಮನೆ, ಅಡುಗೆಮನೆಯ ಮೇಜು
ತಾರೀಕು ಹದಿನೇಳು, ಗುರುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕಾಲುನೋವು ಕಡಿಮೆಯಾಯಿತಾ? ದಿನವಿಡೀ ಬಾರ್ ಕೌಂಟರಿನ ಹಿಂದೆ ನಿಲ್ಲುವವಳು ನೀನು, ಆ ತೆಳು ತಳದ ಷೂ ಬಿಸಾಡು ಅಂತ ಎಷ್ಟು ಸಲ ಹೇಳಿದ್ದೇನೆ. ಬಿಸಾಡಿರಲಾರೆ, ನನಗೆ ಗೊತ್ತು. ಮಲಗುವ ಮುಂಚೆ ಕಾಲನ್ನು ದಿಂಬಿನ ಮೇಲೆ ಎತ್ತಿಡು. ವಾರ್ಡಿನಲ್ಲಿ ನಿಂತೂ ನಿಂತೂ ನನ್ನ ಮೀನಖಂಡದ ನರಗಳು ಹಗ್ಗದ ಹಾಗೆ ಉಬ್ಬಿರುವುದನ್ನು ನೋಡಿದ್ದೀಯಲ್ಲ, ಮನೆಯಲ್ಲಿ ಒಬ್ಬಳಿಗೆ ಬಂದದ್ದು ಸಾಕು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರ ಈ ವಾರ ಸ್ವಲ್ಪ ಏರಿದೆ. ಅದಕ್ಕೆ ಕಾರಣ ಉಪ್ಪಲ್ಲ, ನಿನ್ನ ಅಪ್ಪ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೋಗ್ಲಿ ಬಿಡಜ್ಜಿ' ಅಂದುಬಿಡುತ್ತೀಯ, ನಾನೂ ಹೋಗಲಿ ಅಂತ ಬಿಟ್ಟುಬಿಡುತ್ತೇನೆ. ಈ ಸಲ ಬಿಡುವ ಮನಸ್ಸಿಲ್ಲ. ಸಮಾಧಾನವಾಗಿ ಕೂತು, ಮೊದಲಿಂದ ಕೊನೆಯವರೆಗೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೇ ಪೆನ್ನು ಹಿಡಿದಿದ್ದೇನೆ.

ರಜೆಗೆ ಬಂದವಳು ಬಾರ್ ಕೆಲಸದ ವಿಷಯಕ್ಕೆ ಅಪ್ಪನ ಜೊತೆ ಜಗಳವಾಡಿ, ರಜೆ ಮುಗಿಯುವ ಮೊದಲೇ ಚೀಲ ಎತ್ತಿಕೊಂಡು ಹೊರಟೆಯಲ್ಲ, ನಮಗೆ ಕಾಕ್‌ಟೇಲ್ ಬೆರೆಸಲು ಕಲಿಸುತ್ತೇನೆ ಅಂತ ತಂದು ಆಗ ನೀನು ಬಿಟ್ಟುಹೋದ ಮದ್ಯದ ಬಾಟಲಿಗಳನ್ನು ನಿನ್ನ ಅಮ್ಮ ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟಿದ್ದಳು. ನೀನು ಹೋದಮೇಲೆ ಮನೆಯೆಲ್ಲ ಭಣಭಣ. ಅಪ್ಪ ನಿನ್ನ ಹೆಸರೆತ್ತುತ್ತಿರಲಿಲ್ಲ, ಅವನು ಎತ್ತುವುದಿಲ್ಲ ಅಂತ ನಿನ್ನ ಅಮ್ಮನೂ ಎತ್ತುತ್ತಿರಲಿಲ್ಲ. ಒಂದು ಶನಿವಾರ ಸಂಜೆ ನನಗೆ ಸಾಕಾಗಿಹೋಯಿತು. ಹುಡುಗಿ ಅಷ್ಟು ಅಕ್ಕರೆಯಿಂದ ಕಲಿಸಿದ್ದಾಳೆ, ಮರೆತುಹೋಗುವ ಮುಂಚೆ ಮಾಡಿ ನೋಡೋಣ ಬಾ ಅಂತ ಸೊಸೆಯನ್ನು ಕರೆದೆ. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ, ಸೋಸುವುದಕ್ಕೆ ಟೀ ಜಾಲರಿ, ಅಲ್ಲಾಡಿಸುವುದಕ್ಕೆ ನೀನು ಶಾಲೆಗೆ ಒಯ್ಯುತ್ತಿದ್ದ ಸ್ಟೀಲ್ ಬಾಟಲಿ. ನಿಂಬೆರಸ, ಸಕ್ಕರೆಪಾಕ, ಜಿನ್, ಐಸು ಎಲ್ಲ ಹಾಕಿ ನಾನು ಜೋರಾಗಿ ಅಲ್ಲಾಡಿಸಿದೆ ನೋಡು, ಮುಚ್ಚಳ ಹಾರಿ ಫ್ರಿಜ್ಜಿನ ಮೇಲೆ ಬಿತ್ತು, ಒಳಗಿದ್ದ ಗಿಮ್ಲೆಟ್ ನಿನ್ನ ಅಮ್ಮನ ತಲೆಯ ಮೇಲೆ ಬಿತ್ತು. ಅವಳು ತುಟಿಯ ಮೇಲೆ ಇಳಿದದ್ದನ್ನು ನೆಕ್ಕಿ, 'ಸಕ್ಕರೆ ಜಾಸ್ತಿ ಆಯ್ತು ಅತ್ತೆ' ಅಂದು ನಕ್ಕುಬಿಟ್ಟಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಅಲ್ಲಿಂದ ಶನಿವಾರ ಸಂಜೆ ನಮ್ಮದಾಯಿತು. ರಸ ಇದ್ದರೆ ಅಲ್ಲಾಡಿಸು, ಬರೀ ಮದ್ಯವಾದರೆ ನಿಧಾನ ಕಲಕು ಅಂತ ನೀನು ಹೇಳಿದ್ದನ್ನು ತಪ್ಪಿಸಿಲ್ಲ. ಗ್ಲಾಸುಗಳು ಮಧ್ಯಾಹ್ನವೇ ಫ್ರೀಜರ್ ಸೇರುತ್ತವೆ. ಮಾರ್ಟಿನಿ ಮಾತ್ರ ನನಗೆ ಒಗ್ಗಲಿಲ್ಲ ಕಣೆ, ಮೊದಲ ಗುಟುಕಿಗೇ ಆಪರೇಷನ್ ಥಿಯೇಟರಿನ ಬಾಗಿಲು ತೆಗೆದ ಹಾಗಾಯಿತು. ಆ ಕೆಂಪು ಕಹಿಯದು, ನೆಗ್ರೋನಿ, ನಿನ್ನ ಅಮ್ಮನಿಗೆ ಇಷ್ಟ. ಕಿತ್ತಲೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡುವಾಗ ಅವಳ ಮುಖ ನೋಡಬೇಕು, ಸೂಜಿಗೆ ದಾರ ಪೋಣಿಸುವವರ ಹಾಗೆ. ವಾರಕ್ಕೆ ಒಂದು ಸಣ್ಣ ಗ್ಲಾಸು, ಅದೂ ನನ್ನ ಮಾತ್ರೆಗಳ ಚೀಟಿ ತೋರಿಸಿ ಡಾಕ್ಟರನ್ನು ಕೇಳಿಯೇ. ಅದನ್ನು ಹಿಡಿದುಕೊಂಡು ನಿನ್ನ ಬಗ್ಗೆಯೇ ಮಾತಾಡುತ್ತಿದ್ದೆವು. ಈಗ ಅಲ್ಲಿ ಜನ ಸೇರುವ ಹೊತ್ತು, ಈಗ ಅವಳು ನಿಂಬೆ ಕೊಯ್ಯುತ್ತಿರಬಹುದು, ಹೀಗೆ. ನಿನ್ನ ಅಪ್ಪನಿಗೆ ಇದು ತಿಳಿದೇ ಇತ್ತು. ಮೂಗು ಮುರಿಯುತ್ತಿದ್ದ, ಪೇಪರು ಬಿಡಿಸಿಕೊಂಡು ಮುಖ ಮುಚ್ಚಿಕೊಳ್ಳುತ್ತಿದ್ದ, ಅಷ್ಟೆ.

ಇನ್ನು ಕಳೆದ ಶನಿವಾರದ ಮಾತು. ಅವನ ಆಫೀಸಿನ ದೊಡ್ಡ ಸಾಹೇಬರೂ ಅವರ ಹೆಂಡತಿಯೂ ಊಟಕ್ಕೆ ಬಂದಿದ್ದರು. ಹಾಲಿನ ಗಾಜಿನ ಕಪಾಟು ಗೊತ್ತಲ್ಲ, ವಿಸ್ಕಿ ಬಾಟಲಿಗಳಿಗೆ ಒಂದೊಂದು ದೀಪ ಬೇರೆ. ಅದನ್ನು ತೆರೆದು, ಸಾಹೇಬರಿಗೊಂದು ತನಗೊಂದು ಸುರಿದುಕೊಂಡ. ಹೆಂಗಸರಿಗೆ ಜ್ಯೂಸ್ ಕೊಡು ಅಂತ ಒಳಗೆ ಕೂಗಿದ. ಸಾಹೇಬರ ಹೆಂಡತಿ ಆ ಡಬ್ಬಿ ಜ್ಯೂಸನ್ನು ಕೈಯಲ್ಲಿ ಹಿಡಿದುಕೊಂಡು, ಔಷಧಿ ಕುಡಿಯೋ ಅಂದಾಗ ಮಗು ನೋಡುತ್ತದಲ್ಲ, ಹಾಗೆ ನೋಡುತ್ತಿದ್ದರು. ಪಾಪ ಅನ್ನಿಸಿತು. ನಿಮಗೆ ಜಿನ್ ಆಗುತ್ತದಾ ಅಂತ ಮೆಲ್ಲಗೆ ಕೇಳಿದೆ. ಆಗುತ್ತೆ, ಆದರೆ ಮನೆಯಲ್ಲಿ ಯಾರು ಮಾಡುತ್ತಾರೆ ಅಂದರು. ಎದ್ದುಹೋಗಿ ಒಂದು ಗಿಮ್ಲೆಟ್ ಮಾಡಿ ತಂದುಕೊಟ್ಟೆ. ಈಗ ನನ್ನ ಕೈ ಪಳಗಿದೆ, ಮುಚ್ಚಳ ಹಾರುವುದಿಲ್ಲ. ಆಕೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೆರೆದು, ಇಷ್ಟು ಚೆನ್ನಾಗಿ ಯಾರು ಕಲಿಸಿದರು ಅಂತ ಕೇಳಿದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಮೊಮ್ಮಗಳು ಕಲಿಸಿದಳು, ಅವಳು ಹೋಟೆಲಿನ ಬಾರ್‌ನಲ್ಲಿ ಕೆಲಸ ಮಾಡುತ್ತಾಳೆ, ಇದೇ ಅವಳ ಉದ್ಯೋಗ ಅಂದೆ. ಇದರಲ್ಲಿ ಏನು ತಪ್ಪು ಹೇಳು. ಸಾಹೇಬರು ನಿನ್ನ ಅಪ್ಪನ ಕಡೆ ತಿರುಗಿದರು. ಮಗಳು ಹೋಟೆಲಿನ ಲೆಕ್ಕಪತ್ರ ವಿಭಾಗದಲ್ಲಿ ಇದ್ದಾಳೆ ಅಂತ ಅಂದಿದ್ರಲ್ಲ ಅಂದರು. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ ಗುಬ್ಬಿ, ಅವನು ಊರ ತುಂಬ ನಿನ್ನನ್ನು ಲೆಕ್ಕಪತ್ರಕ್ಕೆ ಸೇರಿಸಿಟ್ಟಿದ್ದಾನೆ ಅಂತ. ಅದಾದರೂ ಹಾಳಾಗಿ ಹೋಗಲಿ. ಆಮೇಲೆ ಅವನು ಹೇಳಿದ ಮಾತಿದೆಯಲ್ಲ, ಅದನ್ನು ನಾನು ಜೀರ್ಣಿಸಿಕೊಳ್ಳಲಾರೆ. ನಗುನಗುತ್ತಾ ಹೇಳಿದ:

"ಅಮ್ಮಂಗೆ ವಯಸ್ಸಾಯ್ತು ಸಾರ್. ಒಂದೊಂದ್ಸಲ ಗೊಂದಲ ಮಾಡ್ಕೋತಾರೆ."

ಕೇಳಿದೆಯಾ? ನನಗೆ ಗೊಂದಲವಂತೆ. ಯಾರಿಗೆ ಯಾವ ಇಂಜೆಕ್ಷನ್ನು, ಯಾವ ಹೊತ್ತಿಗೆ ಅಂತ ವಾರ್ಡು ತುಂಬ ರೋಗಿಗಳದ್ದು ತಲೆಯಲ್ಲಿ ಇಟ್ಟುಕೊಂಡು ಜೀವನ ಸವೆಸಿದವಳಿಗೆ, ಸ್ವಂತ ಮೊಮ್ಮಗಳು ಏನು ಕೆಲಸ ಮಾಡುತ್ತಾಳೆ ಅನ್ನುವುದು ಗೊಂದಲವಂತೆ. ತನ್ನ ಸುಳ್ಳು ಉಳಿಸಿಕೊಳ್ಳಲು ಹೆತ್ತ ತಾಯಿಯನ್ನು ಅರೆಮರುಳು ಮಾಡಿದ. ಸಾಹೇಬರು ನನ್ನ ಕಡೆ ಕನಿಕರದಿಂದ ನಕ್ಕರು. ಆ ನಗುವಿನ ಮುಂದೆ ನಾನು ಏನು ಹೇಳಿದ್ದರೂ ಗೊಂದಲವೇ ಆಗುತ್ತಿತ್ತು. ಮೈಯೆಲ್ಲ ಉರಿಯಿತು. ಆಗ ಅಡುಗೆಮನೆ ಬಾಗಿಲಿನಿಂದ ನಿನ್ನ ಅಮ್ಮ ಬಂದಳು. ಗಂಡ ಹೇಳಿದ್ದಕ್ಕೆ ನಾಲ್ಕು ಜನರ ಎದುರು ಎದುರಾಡಿದವಳಲ್ಲ ಅವಳು, ನಿನಗೆ ಗೊತ್ತು. ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟು, "ಅತ್ತೆಗೆ ಗೊಂದಲ ಏನಿಲ್ಲ" ಅಂದಳು. ಅಷ್ಟೇ. ಹೇಳಿ, ತಟ್ಟೆಗಳನ್ನು ಜೋಡಿಸತೊಡಗಿದಳು. 

ಮಾರನೇ ಬೆಳಿಗ್ಗೆ ಹಲ್ಲುಜ್ಜಿ ಅಡುಗೆಮನೆಗೆ ಬರುತ್ತೇನೆ, ನಿನ್ನ ಅಪ್ಪ ಸಿಂಕಿನ ಮುಂದೆ ನಿಂತು ಜಿನ್ ಬಾಟಲಿಯನ್ನು ತಲೆಕೆಳಗು ಹಿಡಿದಿದ್ದ. ಗಳಗಳ ಅಂತ ಹೋಗುತ್ತಿತ್ತು. ಮಾರ್ಟಿನಿಗೆ ಬೆರೆಸುವ ವರ್ಮೂತ್ ಆಗಲೇ ಖಾಲಿ, ನಿನ್ನ ಅಮ್ಮನ ಕೆಂಪು ಬಾಟಲಿಯೂ ಖಾಲಿ. ಇದರಿಂದಾನೇ ಇಷ್ಟೆಲ್ಲ ಆಗಿದ್ದು ಅಂತ ಗೊಣಗಿದ. ನಾನು ಹಾಲಿಗೆ ಹೋಗಿ ನೋಡಿದೆ. ಅವನ ವಿಸ್ಕಿ ಬಾಟಲಿಗಳು ದೀಪದ ಕೆಳಗೆ ಹಾಯಾಗಿ ಕೂತಿದ್ದವು. ಸಿಟ್ಟು ನೆತ್ತಿಗೇರಿದಾಗ ಬಾಯಿ ತೆರೆಯಬಾರದು ಅಂತ ವಾರ್ಡಿನಲ್ಲೇ ಕಲಿತಿದ್ದೇನೆ.

ಸೋಮವಾರ ಅವನು ಆಫೀಸಿಗೆ ಹೋದಮೇಲೆ ಒಳ್ಳೆಯ ಸೀರೆ ಉಟ್ಟು, ಕೊಡೆ ಹಿಡಿದು ನಾನೇ ಮದ್ಯದಂಗಡಿಗೆ ಹೋದೆ. ಈ ವಯಸ್ಸಿಗೆ ಅದೊಂದು ಬಾಕಿಯಿತ್ತು. ಕಂಬಿಯ ಮುಂದೆ ನಿಂತಿದ್ದ ಗಂಡಸರೆಲ್ಲ ದಾರಿಬಿಟ್ಟರು, ಒಬ್ಬ ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಅಂಗಡಿಯವನಿಗೆ ಜಿನ್ ಕೊಡಪ್ಪ ಅಂದರೆ, ಮಂಡಿಗೆ ಹಚ್ಚುವುದಕ್ಕಾ ಅಜ್ಜಿ, ಅದಕ್ಕೆ ಬ್ರಾಂಡಿ ಒಳ್ಳೆಯದು ಅಂತ ಸಲಹೆ ಬೇರೆ. ಮಂಡಿಗಲ್ಲ, ನನಗೆ ಅಂದೆ. ನಿಂಬೆ ಬೆರೆಸಿದರೂ ಪರಿಮಳ ಮುಳುಗಬಾರದು, ಅಂಥದ್ದು ಕೊಡು ಅಂದೆ. ಅವನು ಇನ್ನೊಂದು ಮಾತಾಡದೆ ಏಣಿ ಹತ್ತಿದ.

ಆ ಸಂಜೆ ನಿನ್ನ ಅಪ್ಪ ಬರುವ ಹೊತ್ತಿಗೆ ಬಾಟಲಿಯನ್ನು ಊಟದ ಮೇಜಿನ ನಟ್ಟನಡುವೆ ಇಟ್ಟುಕೊಂಡು ಕೂತಿದ್ದೆ. ಚೆಲ್ಲುವುದಿದ್ದರೆ ಈಗ, ನನ್ನ ಎದುರಿಗೇ ಚೆಲ್ಲು ಅಂದೆ. ಅವನು ಬ್ಯಾಗನ್ನು ಕೂಡ ಕೆಳಗಿಡದೆ ನಿಂತ. ಜನ ಏನಂತಾರೆ ಅಂತ ಶುರುಮಾಡಿದ. ಆಗ ನಾನು ಹೇಳಿದೆ ಗುಬ್ಬಿ, ಇಷ್ಟು ವರ್ಷ ಹೇಳದೆ ಇದ್ದದ್ದು.

"ನಿಂಗೆ ಒಂಬತ್ತು ವರ್ಷ ಇದ್ದಾಗ, ನಮ್ಮಮ್ಮ ಡಾಕ್ಟರು ಅಂತ ಶಾಲೇಲೆಲ್ಲ ಹೇಳ್ಕೊಂಡಿದ್ದೆ. ನಿಮ್ಮ ಮೇಷ್ಟ್ರೇ ನನ್ನನ್ನ ಡಾಕ್ಟ್ರಮ್ಮ ಅಂತ ಮಾತಾಡ್ಸಿದ್ರು. ಮಗು ಅಂತ ಬಿಟ್ಟೆ. ಈಗ ನಿನ್ನ ತಲೆ ನರೆತಿದೆ. ನರ್ಸಮ್ಮನ ಮಗ ಅನ್ನಿಸ್ಕೊಳ್ಳೋಕೂ ನಾಚ್ಕೆ, ಬಾರ್‌ನಲ್ಲಿ ದುಡಿಯೋಳ ಅಪ್ಪ ಅನ್ನಿಸ್ಕೊಳ್ಳೋಕೂ ನಾಚ್ಕೆ. ಮಧ್ಯದಲ್ಲಿ ನೀನು ಯಾರಪ್ಪ?"

ಅವನು ಕುರ್ಚಿ ಎಳೆದುಕೊಂಡು ಕೂತ. ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದ. ಆಮೇಲೆ, ನನ್ನ ಮುಖ ನೋಡದೆ, "ಕುಡಿದೋರು ಅವಳಿಗೆ ಏನಾದ್ರೂ ಅಂದ್ರೆ? ಅಲ್ಲಿ ನಾನಿರಲ್ಲಮ್ಮ" ಅಂದ. ಅವನ ಹೊಟ್ಟೆಯಲ್ಲಿ ಇಂಥದ್ದೊಂದು ಭಯ ಇದೆ ಅಂತ ನಾನು ಎಣಿಸಿರಲಿಲ್ಲ. ಒಂದು ಕ್ಷಣ ಮನಸ್ಸು ಮೆತ್ತಗಾದದ್ದು ನಿಜ. ಆದರೆ ಭಯಕ್ಕೂ ಸುಳ್ಳಿಗೂ ಏನು ಸಂಬಂಧ? ನನ್ನ ಕೈ ಹಿಡಿದು ಎಳೆದ ರೋಗಿಗಳೂ ಇದ್ದರು, ಹೇಗೆ ಬಿಡಿಸಿಕೊಂಡೆ ಅಂತ ನೀನು ಒಂದು ದಿನವೂ ಕೇಳಲಿಲ್ಲ, ನಿನ್ನ ಮಗಳನ್ನಾದರೂ ಕೇಳು ಅಂತ ಅವನಿಗೆ ಅಂದೆ. ಅವನು ಎದ್ದು ರೂಮಿಗೆ ಹೋದ. ಊಟಕ್ಕೂ ಬರಲಿಲ್ಲ. ನಾನೂ ಕರೆಯಲಿಲ್ಲ. ನಿನ್ನ ಅಮ್ಮ ಹೋಗಿ ಬಾಗಿಲು ತಟ್ಟಿದಳು, ಅವಳ ಸಿಟ್ಟು ನನ್ನಷ್ಟು ಗಟ್ಟಿಯಲ್ಲ.

ಅದಾದಮೇಲೆ ನನಗೂ ನಿನ್ನ ಅಪ್ಪನಿಗೂ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟೇ ಮಾತು. ಕ್ಷಮಿಸು ಅಂತ ಅವನು ಕೇಳಿಲ್ಲ. ಗೊಂದಲದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ತೆಗೆದುಕೊಳ್ಳುವವರೆಗೆ ನನ್ನ ಉರಿಯೂ ಇಳಿಯುವುದಿಲ್ಲ. ನೀನು ಮಾತ್ರ ತಲೆತಗ್ಗಿಸಬೇಡ. ಕೈಕೆಲಸ ಮಾಡಿ, ಕಾಲು ನೋಯಿಸಿಕೊಂಡು ಬದುಕುವವರು ಯಾರ ಎದುರೂ ಹೆಸರು ಬದಲಿಸಿಕೊಳ್ಳಬೇಕಾಗಿಲ್ಲ. ಈ ಶನಿವಾರ ಟಾಮ್ ಕಾಲಿನ್ಸ್ ಮಾಡಬೇಕು ಅಂತಿದ್ದೇವೆ. ಸೋಡಾ ಕೊನೆಯಲ್ಲಿ ತಾನೇ? ಅಲ್ಲಾಡಿಸುವಾಗಲೇ ಹಾಕಿದರೆ ಈ ಸಲ ಮುಚ್ಚಳದ ಜೊತೆ ಬಾಟಲಿಯೇ ಹಾರುತ್ತದೆ ಅಂತ ನಿನ್ನ ಅಮ್ಮ ಹೆದರಿಸುತ್ತಾಳೆ.

ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಚೆನ್ನಾಗಿರು ಕಂದ, ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ಕಾಲಿಗೆ ಒಳ್ಳೆಯ ಷೂ ಬರಲಿ.

ಇಂತು,
ಗೊಂದಲವಿಲ್ಲದ
ನಿನ್ನ ಅಜ್ಜಿ

ತಾಜಾ ಕಲಂ: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಈಗಷ್ಟೇ ಆಫೀಸಿಗೆ ಹೊರಟವನು ಬಾಗಿಲಲ್ಲಿ ನಿಂತು ನಿನ್ನ ಹೋಟೆಲಿನ ವಿಳಾಸ ಕೇಳಿದ. ಮುಂದಿನ ವಾರ ನಿಮ್ಮ ಊರಿನಲ್ಲಿ ಆಫೀಸಿನ ಕೆಲಸ ಇದೆಯಂತೆ. ಅವನ ಆಫೀಸಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಟಿಕೆಟ್ ಆಗಲೇ ತೆಗೆಸಿದ್ದಾನೆ, ಅವಳಿಗೆ ಹೇಳಬೇಡ ಅಂದ, ಅದಕ್ಕೇ ಹೇಳುತ್ತಿದ್ದೇನೆ. ಸಾಹೇಬರಿಗೂ ನಿಜ ಹೇಳಿದನಂತೆ, ನಿನ್ನ ಅಮ್ಮ ಈಗ ತಾನೇ ಬಾಯಿಬಿಟ್ಟಳು. ನನಗೆ ಹೇಳಲು ಅವನಿಗೆ ಇನ್ನೂ ಬಾಯಿ ಬಂದಿಲ್ಲ. ಅವನು ಬಂದು ನಿನ್ನ ಕೌಂಟರಿನ ಮುಂದೆ ಕೂತರೆ ಓಡಿಬರಬೇಡ, ಅಳಬೇಡ, ಜಗಳವನ್ನೂ ತೆಗೆಯಬೇಡ. ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆ ಏನು ಕೊಡಲಿ ಅಂತ ಕೇಳು, ನಿನ್ನ ಕೆಲಸ ಮುಂದುವರಿಸು. ಅವನು ಕೂತು ನೋಡಲಿ. ಬಿಲ್ಲು ಮಾತ್ರ ಪೂರ್ತಿ ಕಟ್ಟಿಸಿಕೋ.