ಬಾರದ ಫೋನಿಗೆ ಸ್ತೋತ್ರ

ಫೆಬ್ರವರಿ ೧೮

ಪ್ರೀತಿಯ ಅಕ್ಕ,

ನೀನು, ಭಾವ ಇಬ್ಬರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅಮ್ಮನನ್ನು ಮಣ್ಣು ಮಾಡಿ ಇವತ್ತಿಗೆ ಐದು ವಾರ. ನೀನು ಮನೆ ಸೇರಿದೆಯಾ ಎಂದೂ ವಿಚಾರಿಸದೆ ಸುಮ್ಮನಿದ್ದೆ. ಕೆಲಸವಿತ್ತು ಅಂದರೆ ಸುಳ್ಳಾಗುತ್ತದೆ, ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಬರವಣಿಗೆ, ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ. ಈ ಸಲ ಪಕ್ಕದಲ್ಲಿ ಅಜ್ಜಿ ಇಲ್ಲ. ಅಮ್ಮನಿಗೆ ಕಿವಿ ಮಂದವಾದ ಮೇಲೆ ಅವಳ ಪ್ರಾರ್ಥನೆ ಬೀದಿಗೆಲ್ಲ ಕೇಳುತ್ತಿತ್ತು. "ಅಜ್ಜಿ, ಮೆಲ್ಲಗೆ. ದೇವರ ಕಿವಿ ಚೆನ್ನಾಗಿದೆ" ಎಂದು ಇವಳು ಛೇಡಿಸಿದರೆ, "ಚೆನ್ನಾಗಿದ್ದರೆ ನಿನ್ನ ಗಣಿತದ ಮಾರ್ಕ್ಸು ಯಾಕೆ ಹೀಗಿದೆ? ಇನ್ನೂ ಜೋರಾಗಿ ಕೇಳಬೇಕು" ಅನ್ನುತ್ತಿದ್ದಳು.

ಚರ್ಚಿನಲ್ಲಿ ಹಾಡುಗಳ ನಂಬರ್ ತೋರಿಸುವ ಮರದ ಹಲಗೆ ಕೊನೆಯವರೆಗೂ ಅವಳ ಜವಾಬ್ದಾರಿಯಾಗಿತ್ತು. ಅರ್ಧ ಗಂಟೆ ಮೊದಲೇ ಹೋಗಿ, ಧೂಳು ಒರೆಸಿ, ತಗಡಿನ ಅಂಕಿಗಳನ್ನು ಒಂದೊಂದಾಗಿ ತೂಗುಹಾಕಬೇಕು. ಹೋದ ವರ್ಷ ಒಂದು ಮದುವೆಯಲ್ಲಿ ಅವಳು ಆರನ್ನು ತಲೆಕೆಳಗಾಗಿ ಹಾಕಿದ್ದರಿಂದ ಅದು ಒಂಬತ್ತಾಗಿ, ಅರ್ಧ ಸಭೆ ಸಮಾಧಿಯ ಹಾಡನ್ನು ಶುರುಮಾಡಿಬಿಟ್ಟಿತು. ಪಾಸ್ಟರು ಮುಖ ಗಂಟಿಕ್ಕಿದರೆ ಅಮ್ಮ, "ಎರಡಕ್ಕೂ ಧೈರ್ಯ ಬೇಕಲ್ಲ, ಹಾಡಲಿ ಬಿಡಿ" ಅಂದಳಂತೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಅಂದು ಸಮಾಧಿಯ ಹತ್ತಿರ, ಆರ್ಗನ್ ನುಡಿಸುವ ಟೀಚರಮ್ಮ ನಿನ್ನ ಎರಡೂ ಕೈ ಹಿಡಿದು, "ವಾರವಾರ ತಪ್ಪದೆ ಫೋನ್ ಮಾಡ್ತಿದ್ದ ಮಗಳು ನೀನೇ ಅಲ್ವಾ? ನಿಮ್ಮಮ್ಮ ಪುಣ್ಯವಂತೆ" ಅಂದರು. ನೀನು ನನ್ನ ಕಡೆ ನೋಡಿದೆ. ಏನೂ ಕೇಳದೆ ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ. ಆ ನೋಟಕ್ಕೆ ಈ ಪತ್ರ ಉತ್ತರ.

ಒಂಬತ್ತು ವರ್ಷದ ಹಿಂದೆ ನೀನು ಚರ್ಚು ಬಿಟ್ಟಾಗ, "ದೇವರ ಮನೆ ಬೇಡವಾದವಳಿಗೆ ನನ್ನ ಮನೆಯೂ ಬೇಡ" ಅಂದಳಲ್ಲ ಅಮ್ಮ, ಅದನ್ನು ಅವಳು ಒಂದು ದಿನವೂ ಮರೆಯಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನಿಮ್ಮಿಬ್ಬರ ಹಟವೂ ಒಂದೇ ಅಚ್ಚು. ಆದರೆ ಪ್ರತಿ ಭಾನುವಾರ ಚರ್ಚಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, ಸಂಜೆಯ ಆರಾಧನೆಗೆ ಹೋಗುವ ನನ್ನನ್ನು "ಫೋನು ಬಂದಿತ್ತಾ?" ಎಂದು ಕೇಳುತ್ತಿದ್ದಳು. ಯಾರದು ಎಂದು ಹೇಳುತ್ತಿರಲಿಲ್ಲ. ಏಳು ವರ್ಷ ನಾನು ಇಲ್ಲ ಅಂದೆ. ಅವಳು ಜಾರಿಬಿದ್ದು ಮೂರು ವಾರ ಹಾಸಿಗೆಯಲ್ಲಿದ್ದು ಎದ್ದಮೇಲೆ, ಒಂದು ಭಾನುವಾರ ಏನೂ ಕೇಳದೆ ಬರೀ ನನ್ನ ಮುಖ ನೋಡಿದಳು. ಬಾಯಿಂದ ಬಂದುಬಿಟ್ಟಿತು: "ಅಕ್ಕ ಮಾಡಿದ್ದಳು."

ಚೀಲ ಹೆಗಲಲ್ಲಿರುವಂತೆಯೇ ಕೂತಳು. "ಏನಂದಳು?"

"ನೀನು ಹೇಗಿದ್ದೀಯ ಅಂತ ಕೇಳಿದಳು."

"ಅಷ್ಟೇನಾ?"

"ತನಗೋಸ್ಕರ ದೇವರಲ್ಲಿ ಬೇಡಿಕೋ ಅಂದಳು."

ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು. ಮುಂದಿನ ವಾರ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ದೇವರಿಗೆ ಕೃತಜ್ಞತೆ ಹೇಳುವ ಹೊತ್ತಿನಲ್ಲಿ ನಿಂತು, "ನನ್ನ ದೊಡ್ಡ ಮಗಳು ಫೋನ್ ಮಾಡಿದಳು, ಸ್ತೋತ್ರ" ಅಂದಳಂತೆ. ಎಲ್ಲರೂ ಆಮೆನ್ ಅಂದರಂತೆ. ಇಡೀ ಸಭೆ ಆಮೆನ್ ಅಂದದ್ದನ್ನು ನಾನು ಹೇಗೆ ವಾಪಸು ತೆಗೆದುಕೊಳ್ಳಲಿ? ವಾರ ವಾರವೂ ಹೇಳುತ್ತಾ ಹೋದೆ. ಲ್ಯಾಬಿನಲ್ಲಿ ಒಂದು ರಕ್ತದ ಸೀಸೆಗೆ ಚೀಟಿ ಅಂಟಿಸಲು ಮೂರು ಸಲ ಹೆಸರು ನೋಡುವವಳು, ಮನೆಯಲ್ಲಿ ಎರಡು ವರ್ಷ ಸುಳ್ಳು ವರದಿ ಕೊಟ್ಟೆ. ತಾನು ಮನೆಯಲ್ಲಿರುವಾಗ ಯಾಕೆ ಮಾಡುವುದಿಲ್ಲ ಎಂದು ಅಮ್ಮ ಕೇಳಿದರೆ, ಬೇಕರಿಯಲ್ಲಿ ನಿನಗೆ ಬಿಡುವು ಸಿಗುವುದೇ ಹತ್ತು ಗಂಟೆಗೆ, ಆರಾಧನೆಯ ಹೊತ್ತಿಗೇ ಅಂದೆ.

ಅಮ್ಮನಿಗೋಸ್ಕರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿನಗೆ ಒಂದು ಸಲ ಫೋನ್ ಮಾಡಿ "ಸೋತುಬಿಡು ಅಕ್ಕ" ಅನ್ನಬಹುದಿತ್ತಲ್ಲ? ಯಾಕೆ ಅನ್ನಲಿಲ್ಲ? ನಿಮ್ಮಿಬ್ಬರ ನಡುವೆ ನಾನೊಬ್ಬಳೇ ದಾರಿಯಾಗಿರುವುದು ನನಗೆ ಹಿತವಾಗಿತ್ತೇನೋ. ಗೊತ್ತಿಲ್ಲ.

ನವೆಂಬರಿನಲ್ಲಿ ಒಂದು ಭಾನುವಾರ ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿ, ನನ್ನ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಈ ವಾರ ಹೋಗಲ್ಲ. ನಂಬರ್ ಟೀಚರಮ್ಮ ಹಾಕ್ತಾರೆ. ನಾನೇ ಎತ್ತುತ್ತೀನಿ. ಸದ್ದು ಪೂರ್ತಿ ಜೋರು ಮಾಡಿಕೊಡು." ಅಪ್ಪ ತೀರಿಕೊಂಡ ವಾರವೂ ಚರ್ಚು ತಪ್ಪಿಸದವಳು! ಎದುರುಮನೆಯ ಟೈಲರ್ ಹತ್ತಿರ ಫೋನ್ ಕೇಳಿ ನಿನಗೆ ಮಾಡೋಣವೆಂದು ಮೆಟ್ಟಿಲವರೆಗೆ ಹೋದೆ. ಏನು ಹೇಳಲಿ ಎಂದು ತೋಚದೆ ವಾಪಸು ಬಂದೆ. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡಕ್ಕೆ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. "ಕೆಲಸ ಜಾಸ್ತಿ ಇರಬೇಕು, ಪಾಪ. ನಾನು ಕಾದಿದ್ದೆ ಅಂತ ಅವಳಿಗೆ ಹೇಳಬೇಡ, ನೊಂದುಕೊಳ್ತಾಳೆ."

ಹೇಳಬೇಡ ಅಂದದ್ದನ್ನೂ ಹೇಳಿಬಿಟ್ಟೆ. ಅವಳ ಪ್ರಾರ್ಥನೆಯ ಕೂಗು ಕೇಳದೆ ನನಗೆ ಬೆಳಗಾಗುವುದೇ ಇಲ್ಲ ಅಕ್ಕ. ಭಾವನಿಗೆ ನನ್ನ ನಮಸ್ಕಾರ. ದೇವರು ನಿನ್ನನ್ನು ತನ್ನ ರೆಕ್ಕೆಯ ಕೆಳಗೆ ಕಾಯಲಿ. ಇದು ನನ್ನ ಮಾತಲ್ಲ, ದಿನಾ ನಿನಗಾಗಿ ಅಮ್ಮ ಹೇಳುತ್ತಿದ್ದದ್ದು.

ನಿನ್ನ ತಂಗಿ

ತಾ.ಕ.: ಡಿಸೆಂಬರಿನಲ್ಲಿ, ಒಂದು ಬುಧವಾರ ಮಧ್ಯಾಹ್ನ, ನೀನು ನಿಜವಾಗಿಯೂ ಫೋನ್ ಮಾಡಿದ್ದೆ. "ಅಮ್ಮನಿಗೆ ಕೊಡು, ಒಂದೇ ನಿಮಿಷ" ಎಂದು ಕೇಳಿದೆ. "ಈಗ ಬೇಡ" ಎಂದು ನಾನು ಇಟ್ಟುಬಿಟ್ಟೆ. ಅಮ್ಮ ನನ್ನ ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಳು. ನೀವಿಬ್ಬರೂ ನಾಲ್ಕು ಮಾತಾಡಿದರೆ ನನ್ನ ಎರಡು ವರ್ಷ ಬಯಲಾಗುತ್ತಿತ್ತು. "ಯಾರೇ ಅದು?" ಎಂದು ಕೇಳಿದ್ದಕ್ಕೆ "ಲ್ಯಾಬಿನವರು" ಅಂದೆ. ನೀನು ಮತ್ತೆ ಮಾಡಲಿಲ್ಲ. ಅಮ್ಮನೇ ಬೇಡ ಅಂದಳೆಂದು ತಿಳಿದುಕೊಂಡಿರುತ್ತೀಯ. ಅವಳು ಬೇಡ ಅನ್ನಲಿಲ್ಲ ಅಕ್ಕ. ಅವಳಿಗೆ ಗೊತ್ತೇ ಆಗಲಿಲ್ಲ.