ಚಿಕ್ಕ ವೇದಿಕೆಯ ಒಂದೇ ಗೇಟು

ಮೈದಾನದ ಸಂಗೀತ ಮೇಳ ನಡೆಸುವವರಿಗೆ,

ನಮಸ್ಕಾರ. ಈ ವರ್ಷ ಯಾರ್ಯಾರು ಹಾಡುತ್ತಾರೆಂದು ನೀವು ಅಂತರ್ಜಾಲದ ನಿಮ್ಮ ಪುಟದಲ್ಲಿ ಪ್ರಕಟಿಸಿದ್ದನ್ನು ನೋಡಿದೆ. ಕೆಳಗೆ ಜನ ಬರೆದ ಅಭಿಪ್ರಾಯಗಳನ್ನೂ ಒಂದೂ ಬಿಡದೆ ಓದಿದೆ. ‘ಮತ್ತೆ ಅದೇ ಹಳೇ ಮುಖಗಳು’ ಎಂದು ಒಬ್ಬ ಗೊಣಗಿದ್ದಾನೆ. ಆ ನಾಲ್ವರು ಹುಡುಗಿಯರ ತಂಡವನ್ನು ದೊಡ್ಡ ವೇದಿಕೆಗೆ ಹಾಕಿದ್ದಕ್ಕೆ ಮಾತ್ರ ಎಲ್ಲರಿಗೂ ಖುಷಿ. ‘ಕೊನೆಗೂ ನಮ್ಮ ಮಾತು ಕೇಳಿದ್ರಲ್ಲ!’ ಎಂದಿದ್ದಾರೆ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ಸಂಗೀತದ ತಲೆಬುಡ ನನಗೆ ತಿಳಿಯದು. ನನ್ನ ಮಗಳಿಗೆ ಅದೆಂದರೆ ಪ್ರಾಣ. ಹಲ್ಲುಜ್ಜುವಾಗಲೂ ಆ ಹುಡುಗಿಯರ ಹಾಡೇ; ‘ಸಾಕು ಮಾಡೇ’ ಎಂದು ನಾನು ಬಚ್ಚಲ ಬಾಗಿಲು ಬಡಿಯುತ್ತಿದ್ದೆ.

ಹೋದ ವರ್ಷ ಅವಳೂ ನಿಮ್ಮ ಪುಟದಲ್ಲಿ ಬರೆದಿದ್ದಳು: ‘ಇವರನ್ನ ಚಿಕ್ಕ ವೇದಿಕೆಗೆ ಯಾಕೆ ಹಾಕಿದ್ರಿ? ಅಲ್ಲಿರೋದು ಒಂದೇ ಗೇಟು. ಅಷ್ಟು ಜನ ಹಿಡಿಯಲ್ಲ.’ ನಗುವ ಮುಖದ ಚಿತ್ರ ಹಾಕಿ ನಿಮ್ಮವರು ಕೊಟ್ಟ ಉತ್ತರ ಈಗಲೂ ಅಲ್ಲೇ ಇದೆ: ‘ಹಾಗಾದ್ರೆ ಬೇಗ ಬಂದು ಮುಂದೆ ನಿಂತ್ಕೊಳ್ಳಿ.’

ಅವಳು ಬೇಗ ಹೋಗಿ ಮುಂದೆಯೇ ನಿಂತಳು, ವೇದಿಕೆ ಮುಂದಿನ ತಡೆ ಕಂಬಿಗೆ ಒತ್ತಿಕೊಂಡು. ಹಿಂದಿನಿಂದ ಜನ ನುಗ್ಗಿದಾಗ ಕಂಬಿ ಒಂದಿಷ್ಟೂ ಬಗ್ಗಲಿಲ್ಲ. ಗಟ್ಟಿಯಾಗಿಯೇ ಕಟ್ಟಿಸಿದ್ದಿರಿ. ನಿಂತಲ್ಲೇ ಉಸಿರುಕಟ್ಟಿ ಸತ್ತಳು.

ಈಗ ಆ ಚಿಕ್ಕ ವೇದಿಕೆಗೆ ಇನ್ನೊಂದು ತಂಡ ಹಾಕಿದ್ದೀರಿ. ‘ಅಲ್ಲಿ ಜಾಗ ಸಾಲುತ್ತಾ?’ ಎಂದು ನಿನ್ನೆ ಯಾರೋ ಹುಡುಗಿ ಕೇಳಿದ್ದಾಳೆ. ಅವಳಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ದಯವಿಟ್ಟು ಮೊದಲು ಇನ್ನೊಂದು ಗೇಟು ಮಾಡಿಸಿ, ಆಮೇಲೆ ಉತ್ತರ ಬರೆಯಿರಿ.

ನಿಮ್ಮಿಂದ ಆಗದಿದ್ದರೆ ಆ ಹುಡುಗಿಗೆ ನಾನೇ ಬರೆಯುತ್ತೇನೆ, ಮಗಳ ಹೆಸರಿನಲ್ಲೇ. ಅವಳ ಫೋನು ನನ್ನ ಹತ್ತಿರ ಇದೆ.

ಇಂತಿ,
ಬೇಗ ಬಂದವಳ ಅಪ್ಪ