ಚೆಲುವಮ್ಮನ ಖಾಲಿ ತಟ್ಟೆ

ಕೊಳ್ಳೇಗಾಲ, ಗುರುವಾರ, 7 ಆಗಸ್ಟ್ 2003

ಕಂಪ್ಯೂಟರ್ ಲ್ಯಾಬ್‌ನಲ್ಲಿ ಇವತ್ತೂ ಎರಡು ಮಿಷನ್ ಏಳಲಿಲ್ಲ. ಅದಿರಲಿ — ನಾನೇ ಕಟ್ಟಿದ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೂತು ಸಿಕ್ಕಿತು. ಅಂಕಿಯೋ ಅಕ್ಷರವೋ ಅಂತ ಟೈಪ್ ಬರೆಯಬೇಕಿಲ್ಲ, ಮಿಷನ್ನೇ ಊಹಿಸುತ್ತದೆ ಅಂತ ಮೆರೆದದ್ದೇ ಮೆರೆದದ್ದು! ಆಮೇಲೆ ತುಂಬುವ ಖಾಲಿ ಪಟ್ಟಿಗೊಂದು ಹೆಸರಿಟ್ಟರೆ, ಇದಕ್ಕೆ ಏನು ಬೇಕಾದರೂ ಹಿಡಿಸುತ್ತದೆ ಅಂದುಕೊಳ್ಳುತ್ತದೆ ಪೆದ್ದು. ಅಂಕಿ ಹಾಕಿದೆ. ಅದಕ್ಕೇ ಊರಿನ ಹೆಸರು ಹಾಕಿದೆ. ತಕರಾರಿಲ್ಲ. ಕೂಡಿಸು ಅಂದಾಗ ಢಮಾರ್.

ನಿಯಮ ಬದಲಾಗಬೇಕು. ಮೊದಲು ಏನು ಬಿತ್ತೋ, ಕೊನೆವರೆಗೂ ಅದೇ.

ಶುಕ್ರವಾರ, 8

ಬದಲಿಸಿದೆ. ಚೆಲುವಮ್ಮನ ಪ್ರೋಗ್ರಾಂ ಹಾಕಿ ನೋಡಿದೆ — ಹದಿನಾಲ್ಕು ಎರರ್.

ಚೆಲುವಮ್ಮ ನಮ್ಮ ಲ್ಯಾಬ್ ಅಟೆಂಡರ್, ಮುಳ್ಳೂರಿನವರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅದರ ಲೆಕ್ಕಕ್ಕೆಂದೇ ವರ್ಷವಿಡೀ ಕೂತು ನನ್ನ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಸೋಮವಾರ ಇನ್‌ಸ್ಟ್ರಕ್ಟರ್ ಹುದ್ದೆಗೆ ಸಂದರ್ಶನ, ಇದನ್ನೇ ತೋರಿಸಬೇಕು. ಹಳೇ ನಿಯಮವೇ ಇದ್ದರೆ ಹೇಗೋ ದಾಟುತ್ತದೆ. ಅವರಿಗೆ ಹೇಳಲಿಲ್ಲ. ನಾಚಿಕೆಯಾಗುತ್ತಿದೆ.

ಶನಿವಾರ, 9. ಮಧ್ಯಾಹ್ನ

ಹೇಳಿಬಿಟ್ಟೆ. ಚೆಲುವಮ್ಮ ಸಿಡಿದರು.

"ಸೋಮಾರ ಕುತ್ಗೆಗ್ ಬಂದದೆ, ಈಗ್ ಯೋಳ್ತಿದ್ದೀರಲ್ಲಾ ಮೀನಾ ಮೇಡಂ! ಓದ್ದೋರಿಗೆ ಇಷ್ಟ್ ದಿನ ಕಾಣ್ನಿಲ್ವಾ?"

ಎರರ್ ತೋರಿಸಿದೆ. 'ತಟ್ಟೆ' ಅಂತ ಹೆಸರಿಟ್ಟ ಪಟ್ಟಿಗೆ ಗೂಡಿನ ತೂಕವನ್ನೂ ಹಾಕಿದ್ದಾರೆ, ಹಿಪ್ಪುನೇರಳೆ ಸೊಪ್ಪು ತಂದವರ ಹೆಸರನ್ನೂ ಹಾಕಿದ್ದಾರೆ. ಓದಿದರು. ಮತ್ತೆ ಓದಿದರು.

"ಅಯ್ಯೋ ಶಿವ್ನೇ! ಜ್ವರಕ್ಕೆ ಕೂತ ಉಳನೂ ಮೇಯೋ ಉಳನೂ ಒಂದೇ ತಟ್ಟೇಗಾಕ್ತಾರಾ?"

ಪೊರೆ ಬಿಡುವ ಹುಳುವಿಗೆ ಉಪವಾಸ. ಅದನ್ನೇ ಇವರು ಜ್ವರ ಅನ್ನುವುದು. ಆಗ ಸೊಪ್ಪು ಬಿದ್ದರೆ ಬೆಳೆಯೇ ಕೆಡುತ್ತದಂತೆ.

"ಮನೇಲ್ ಮಾಡ್ದಿರೋ ತಪ್ಪ ಇಲ್ ಮಾಡಿವ್ನಿ. ಈ ಮಿಷನ್ನೂ ಸುಮ್ಕಿತ್ತಲ್ಲಾ!"

ಮೂರನೇ ಮಿಷನ್‌ನಲ್ಲಿ ಹಳೇ ನಿಯಮ ಹಾಗೇ ಇದೆ, ಸೋಮವಾರ ಅದರಲ್ಲೇ ತೋರಿಸಿ ಅಂದೆ. ಎರರ್‌ಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು ಬಸ್ಸಿಗೆ ಹೋದರು.

ಸೋಮವಾರ, 11

ಏಳೂವರೆಗೇ ಬಂದು ಕೂತಿದ್ದಾರೆ — ಹೊಸ ನಿಯಮದ ಮಿಷನ್ ಮುಂದೆ! ಭಾನುವಾರ ಮನೆಯಲ್ಲಿ ಕಾಗದದ ಮೇಲೆ ಹದಿನಾಲ್ಕನ್ನೂ ತಿದ್ದಿದ್ದಾರೆ.

ಹತ್ತಕ್ಕೆ ಮೈಸೂರಿನ ಪರೀಕ್ಷಕರು ಬಂದರು. ಪ್ರೋಗ್ರಾಂ ಓಡಿತು. ಉಸಿರು ಬಿಟ್ಟೆ. ಅಷ್ಟರಲ್ಲಿ, "ತೂಕದ ತಟ್ಟೆಗೇ ಸಾಕಿದವರ ಹೆಸರನ್ನೂ ಸೇರಿಸಮ್ಮ, ನೋಡೋಣ" ಅಂದರು. ಬೇಕಂತಲೋ, ಗೊತ್ತಿಲ್ಲದೆಯೋ… ಚೆಲುವಮ್ಮ ಸೇರಿಸಿದರು. ಎರರ್.

"ಓಡಲೇ ಇಲ್ಲವಲ್ಲಮ್ಮ?"

ನಾನು ಮೂರನೇ ಮಿಷನ್ನಿನ ಸ್ವಿಚ್ಚಿಗೆ ಕೈ ಹಾಕಿದ್ದೆ. ಹೇಡಿ ನಾನು.

ಚೆಲುವಮ್ಮ ಎದ್ದು ನಿಂತರು. "ಓಡ್ಬಾರ್ದು ಸಾ."

ಪರೀಕ್ಷಕರು ಕುರ್ಚಿ ಹತ್ತಿರ ಎಳೆದುಕೊಂಡರು. "ಯಾಕೆ, ಹೇಳಿ."

ಅರ್ಧ ಗಂಟೆ ಹೇಳಿದರು. ಹುಳು, ಜ್ವರ, ತಟ್ಟೆ, ಟೈಪ್, ಎಲ್ಲ. ಅಷ್ಟು ಚೆನ್ನಾಗಿ ನಾನು ಒಂದು ದಿನವೂ ಹೇಳಿಕೊಟ್ಟಿಲ್ಲ.